ಎಡ್ವಿನ್ ಆಲ್ಬರ್ಟ್ ಲಿಂಕ್ (1904–1981): ನೆಲದ ಮೇಲೆ ಹಾರಾಟ ಕಲಿಸಿದ ಯಂತ್ರದ ನಿರ್ಮಾತೃ

(ವಿಮಾನ ಚಾಲಕ ತರಬೇತಿಗೆ ಅರ್ಜಿ ಸಲ್ಲಿಸಬಯಸುವ ಸಾರ್ವಜನಿಕರ ಮಾಹಿತಿಗಾಗಿ)

ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗಾಗಲಿ, ದೇಶದ ಇತರ ಅನುಮೋದಿತ ಸಂಸ್ಥೆಗಳಿಗಾಗಲಿ ಪ್ರವೇಶ ಬಯಸುವ ಅಭ್ಯರ್ಥಿಗಳು ಮೊದಲಿಗೇ ಎದುರಿಸುವ ಪದಗಳಲ್ಲಿ ಸಿಮ್ಯುಲೇಟರ್ ಎಂಬುದೂ ಒಂದು. ನೆಲದ ಮೇಲೆಯೇ ಇದ್ದುಕೊಂಡು ವಿಮಾನದ ಚಲನೆಯನ್ನು ಅನುಕರಿಸುವ, ಚಾಲಕನಿಗೆ ಹಾರಾಟದ ಅಭ್ಯಾಸ ನೀಡುವ ಯಂತ್ರಕ್ಕೆ ಈ ಹೆಸರು. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿಯಂತಹ ಗ್ರಾಮದಿಂದ ಅರ್ಜಿ ಸಲ್ಲಿಸುವ ಯುವಕ ಯುವತಿಯರು ಈ ಯಂತ್ರವನ್ನು ಕಣ್ಣಾರೆ ಕಾಣುವ ಮೊದಲೇ ಅದರ ಹೆಸರನ್ನು ತರಬೇತಿ ಸಂಸ್ಥೆಗಳ ಜಾಹೀರಾತುಗಳಲ್ಲಿ ಓದಿರುತ್ತಾರೆ. ಸಿಮ್ಯುಲೇಟರಿನಲ್ಲಿ ಕಳೆದ ಗಂಟೆಯೊಂದು ಆಕಾಶದಲ್ಲಿ ಕಳೆದ ಗಂಟೆಗೆ ಸಮವೇ, ಸಮವಲ್ಲದಿದ್ದರೆ ಪರವಾನಗಿಗೆ ಅದರಲ್ಲಿ ಎಷ್ಟು ಭಾಗ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ ಅವರ ಪಾಲಿಗೆ ಹಣದ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು. ಈ ಪ್ರಶ್ನೆಗೆ ಕಾರಣವಾದ ಯಂತ್ರವನ್ನು ಮೊದಲಿಗೆ ಯಶಸ್ವಿಯಾಗಿ ನಿರ್ಮಿಸಿದವರು ಅಮೆರಿಕ ಸಂಯುಕ್ತ ಸಂಸ್ಥಾನದ ಎಡ್ವಿನ್ ಆಲ್ಬರ್ಟ್ ಲಿಂಕ್.

ಜನನ ಮತ್ತು ಬಾಲ್ಯ

ಲಿಂಕ್ ಅವರು 1904ರ ಜುಲೈ 26ರಂದು ಇಂಡಿಯಾನಾ ರಾಜ್ಯದ ಹಂಟಿಂಗ್ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಹೆಸರೂ ಎಡ್ವಿನ್ ಲಿಂಕ್ ಎಂದೇ. ಅವರು ಪಿಯಾನೋ ತಯಾರಿಕೆಯಲ್ಲಿ ನುರಿತವರಾಗಿದ್ದು, 1910ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್ ನಗರದಲ್ಲಿ ದಿವಾಳಿಯಾಗಿದ್ದ ವಾದ್ಯ ಕಾರ್ಖಾನೆಯೊಂದನ್ನು ಕೊಂಡು ಕುಟುಂಬದೊಡನೆ ಅಲ್ಲಿಗೆ ತೆರಳಿದರು. ಮುಂದೆ ಲಿಂಕ್ ಪಿಯಾನೋ ಮತ್ತು ಆರ್ಗನ್ ಕಂಪನಿ ಎಂದು ಹೆಸರಾದ ಈ ಕಾರ್ಖಾನೆಯಲ್ಲಿ ತಾವೇ ನುಡಿಯುವ ಪಿಯಾನೋಗಳೂ, ಮೂಕಿ ಚಿತ್ರಗಳ ಮಂದಿರಗಳಿಗೆ ಬೇಕಾದ ಆರ್ಗನ್ ವಾದ್ಯಗಳೂ ತಯಾರಾಗುತ್ತಿದ್ದವು.

ಈ ವಾದ್ಯಗಳ ಜೀವಾಳ ಗಾಳಿ. ತಿದಿ, ಕವಾಟ, ಕೊಳವೆ ಮತ್ತು ರಂಧ್ರ ಕೊರೆದ ಕಾಗದದ ಸುರುಳಿ ಇವುಗಳ ನೆರವಿನಿಂದ ಗಾಳಿಯನ್ನು ಹೀರಿ, ಬಿಟ್ಟು, ಬೇಕಾದ ಸ್ವರವನ್ನು ಬೇಕಾದ ಕ್ಷಣದಲ್ಲಿ ನುಡಿಸುವ ವಿದ್ಯೆ ಅದು. ಹಾರ್ಮೋನಿಯಂ ವಾದ್ಯವನ್ನು ಹತ್ತಿರದಿಂದ ಕಂಡ ಗದಗಿನ ಜನತೆಗೆ ತಿದಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ವಾದ್ಯದ ಒಡಲೊಳಗಿನ ಇದೇ ತಿದಿ ಮುಂದೆ ವಿಮಾನ ಚಾಲಕರಿಗೆ ಗುರುವಾಗಲಿದೆ ಎಂದು ಮಾತ್ರ ಅಂದು ಯಾರೂ ಊಹಿಸಿರಲಿಲ್ಲ. ಬಾಲಕ ಲಿಂಕ್ ಶಾಲೆಯಲ್ಲಿ ಮುಂದಿದ್ದವರಲ್ಲ. ಆದರೆ ಕಾರ್ಖಾನೆಯಲ್ಲಿ ಕೆಟ್ಟ ಆರ್ಗನ್‌ಗಳನ್ನು ಬಿಚ್ಚಿ ಸರಿಪಡಿಸುವುದರಲ್ಲಿ ಅವರ ಕೈ ಬೇಗನೆ ಪಳಗಿತು.

ಮೊದಲ ಪಾಠ

1920ರಲ್ಲಿ, ಹದಿನಾರರ ಹರೆಯದಲ್ಲಿ, ಕ್ಯಾಲಿಫೋರ್ನಿಯಾದಲ್ಲಿದ್ದಾಗ ಲಿಂಕ್ ಅವರು ತಮ್ಮ ಮೊದಲ ಹಾರಾಟ ಪಾಠವನ್ನು ಪಡೆದರು. ಪ್ರಸಿದ್ಧ ನಟ ಚಾರ್ಲಿ ಚಾಪ್ಲಿನ್ ಅವರ ಹಿರಿಯ ಸಹೋದರ ಸಿಡ್ನಿ ಚಾಪ್ಲಿನ್ ಅವರು ನಡೆಸುತ್ತಿದ್ದ ವಿಮಾನ ನೆಲೆಯಲ್ಲಿ ಈ ಪಾಠಕ್ಕೆ 50 ಡಾಲರ್ ತೆತ್ತರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಶಿಕ್ಷಕರು ವಿಮಾನವನ್ನು ಮೇಲೆ ಕೊಂಡೊಯ್ದು, ಲಾಗ ಹೊಡೆಸಿ, ಗಿರಕಿ ಹೊಡೆಸಿ, ಊರ ಮೇಲೆ ಸುತ್ತು ಹಾಕಿಸಿ ಕೆಳಗಿಳಿಸಿದರು. ಪಾಠ ಮುಗಿಯುವವರೆಗೂ ವಿದ್ಯಾರ್ಥಿಗೆ ಚಾಲನಾ ದಂಡವನ್ನು ಮುಟ್ಟುವ ಅವಕಾಶವೇ ದೊರೆಯಲಿಲ್ಲ. ಹಣ ಹೋಯಿತು, ವಿದ್ಯೆ ಬರಲಿಲ್ಲ. ಇಂತಹ ಪಾಠಗಳ ದೂರು ಇಂದಿಗೂ ಅಪರೂಪವಲ್ಲ ಎಂಬುದನ್ನು ಅರ್ಜಿದಾರರು ಗಮನಿಸಬಹುದು.

ತಂದೆಗೆ ಮಗನ ಈ ಹುಚ್ಚು ರುಚಿಸಲಿಲ್ಲ. ಆದರೂ ಲಿಂಕ್ ಅವರು ಬಿಡುವಿನ ವೇಳೆಯಲ್ಲಿ ಸಂಚಾರಿ ಪೈಲಟ್‌ಗಳ ಒಡನಾಟದಲ್ಲಿದ್ದು, ಚೂರುಚೂರಾಗಿ ವಿದ್ಯೆ ಸಂಪಾದಿಸಿ, ಒಂಟಿಯಾಗಿ ವಿಮಾನ ನಡೆಸುವ ಹಂತಕ್ಕೆ ಬಂದರು. ನಂತರದ ವರ್ಷಗಳಲ್ಲಿ ಊರೂರು ತಿರುಗಿ ಹಣ ಪಡೆದು ಜನರನ್ನು ಹಾರಿಸುವುದು, ಬಾಡಿಗೆ ಹಾರಾಟ, ಹಾರಾಟ ಶಿಕ್ಷಣ ಮುಂತಾದವುಗಳಿಂದ ಜೀವನ ಸಾಗಿಸಿದರು. ವಿದ್ಯೆಯ ದುಬಾರಿತನ ಅವರನ್ನು ಬಿಡದೆ ಕಾಡಿತು. ಆರಂಭದ ಹತ್ತಾರು ಗಂಟೆಗಳಲ್ಲಿ ವಿದ್ಯಾರ್ಥಿ ಕಲಿಯುವುದು ದಂಡ ಮತ್ತು ಪಾದಪಟ್ಟಿಗಳ ಹೊಂದಾಣಿಕೆಯನ್ನು ಮಾತ್ರ. ಅದನ್ನು ಕಲಿಯಲು ಇಂಧನ ಸುಟ್ಟು ಆಕಾಶಕ್ಕೇ ಏರಬೇಕೇ ಎಂಬುದು ಅವರ ವಿಚಾರವಾಗಿತ್ತು.

ನೆಲಮಾಳಿಗೆಯ ಯಂತ್ರ

ಇಂತಹ ವಿಚಾರ ಹೊಸದೇನೂ ಆಗಿರಲಿಲ್ಲ. 1910ರ ಸುಮಾರಿಗೇ ಫ್ರಾನ್ಸಿನಲ್ಲಿ ಆಂತ್ವಾನೆತ್ ವಿಮಾನದ ಕಲಿಕೆಗಾಗಿ ಪೀಪಾಯಿಯ ಅರ್ಧಭಾಗಗಳನ್ನು ಜೋಡಿಸಿ, ಕೈಯಿಂದ ಅಲುಗಾಡಿಸುವ ಸಾಧನವನ್ನು ಮಾಡಲಾಗಿತ್ತು. ಅಂತಹವುಗಳ ದೋಷವೆಂದರೆ, ಸಾಧನವನ್ನು ಅಲುಗಾಡಿಸುತ್ತಿದ್ದವರು ಹೊರಗಿನ ಜನ. ವಿದ್ಯಾರ್ಥಿಯ ಕೈಚಲನೆಗೆ ಯಂತ್ರವೇ ಪ್ರತಿಕ್ರಿಯಿಸುವಂತೆ ಮಾಡಿದ್ದು ಲಿಂಕ್ ಅವರ ಸಾಧನೆ.

1927ರಿಂದ 1929ರ ನಡುವೆ, ಸುಮಾರು ಹದಿನೆಂಟು ತಿಂಗಳ ಕಾಲ, ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಅವರು ಈ ಕೆಲಸದಲ್ಲಿ ತೊಡಗಿದರು. ಮರದಿಂದ ಮಾಡಿದ, ಗಿಡ್ಡ ರೆಕ್ಕೆಗಳ ಪುಟ್ಟ ವಿಮಾನದ ಒಡಲು. ಅದನ್ನು ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೇಲೆ ನಿಲ್ಲಿಸಲಾಗಿತ್ತು. ಕೆಳಗೆ ನಾಲ್ಕು ತಿದಿಗಳು. ವಿದ್ಯುತ್ ಮೋಟರಿನಿಂದ ನಡೆಯುವ ಪಂಪು ಗಾಳಿಯನ್ನು ಹೀರುತ್ತಿತ್ತು. ವಿದ್ಯಾರ್ಥಿ ದಂಡವನ್ನು ಎಳೆದರೆ ಕವಾಟ ತೆರೆದು ಒಂದು ತಿದಿ ಕುಗ್ಗುತ್ತಿತ್ತು, ಎದುರಿನದು ಹಿಗ್ಗುತ್ತಿತ್ತು, ಒಡಲು ಮೂಗೆತ್ತುತ್ತಿತ್ತು. ದಂಡವನ್ನು ಬದಿಗೆ ಒತ್ತಿದರೆ ವಾಲುತ್ತಿತ್ತು. ಪಾದಪಟ್ಟಿಯನ್ನು ಒತ್ತಿದರೆ ಇಡೀ ಯಂತ್ರ ತನ್ನ ಪೀಠದ ಮೇಲೆ ತಿರುಗುತ್ತಿತ್ತು. ಪಿಯಾನೋ ಕಾರ್ಖಾನೆಯ ಉಗ್ರಾಣದಲ್ಲಿ ಸಿಗದ ಭಾಗಗಳು ಅದರಲ್ಲಿ ಹೆಚ್ಚಿರಲಿಲ್ಲ.

1929ರ ಏಪ್ರಿಲ್ 14ರಂದು ಲಿಂಕ್ ಅವರು ಹಕ್ಕುಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದರು. 1931ರ ಸೆಪ್ಟೆಂಬರ್‌ನಲ್ಲಿ ಅದು ಮಂಜೂರಾಯಿತು. ಅರ್ಜಿಯಲ್ಲಿ ಯಂತ್ರವನ್ನು ವಿಮಾನ ವಿದ್ಯಾರ್ಥಿಗಳ ತರಬೇತಿ ಸಾಧನವೆಂದೂ ಮನೋರಂಜನೆಯ ಸಾಧನವೆಂದೂ ಜೊತೆಯಾಗಿಯೇ ಬಣ್ಣಿಸಲಾಗಿತ್ತು. ಈ ಎರಡು ಮುಖಗಳ ವಿವರ ಮುಖ್ಯವಾದುದು. ಏಕೆಂದರೆ ಆರಂಭದಲ್ಲಿ ಯಂತ್ರವನ್ನು ಕೊಂಡವರಲ್ಲಿ ಹೆಚ್ಚಿನವರು ಮನೋರಂಜನಾ ಉದ್ಯಾನಗಳ ಮಾಲೀಕರು. ಜನ ನಾಣ್ಯ ಹಾಕಿ, ಒಳಗೆ ಕುಳಿತು, ನಕ್ಕು ಇಳಿದು ಹೋಗುತ್ತಿದ್ದರು. ಹಾರಾಟ ಶಾಲೆಗಳು ಇದನ್ನು ಆಟಿಕೆಯೆಂದೇ ಬಗೆದವು. ಆಟಿಕೆಗೂ ತರಬೇತಿ ಸಾಧನಕ್ಕೂ ಇರುವ ಗಡಿಯನ್ನು ಯಾರು, ಹೇಗೆ ಗುರುತಿಸಬೇಕು ಎಂಬ ಇಂದಿನ ನಿಯಂತ್ರಣದ ತೊಡಕು ಯಂತ್ರದ ಜನ್ಮದಿಂದಲೇ ಅದರ ಬೆನ್ನಿಗಿತ್ತು.

ಲಿಂಕ್ ಅವರು ಸಂದೇಹಕ್ಕೆ ಉತ್ತರವನ್ನು ತಮ್ಮ ಮನೆಯಿಂದಲೇ ನೀಡಿದರು. ಸಹೋದರ ಜಾರ್ಜ್ ಅವರಿಗೆ ಮೊದಲು ಯಂತ್ರದಲ್ಲಿ ಸುಮಾರು ಆರು ಗಂಟೆ ಅಭ್ಯಾಸ ಮಾಡಿಸಿ, ಆನಂತರ ವಿಮಾನದಲ್ಲಿ ಒಂದು ಗಂಟೆಗೂ ಕಡಿಮೆ ಅವಧಿಯ ಪಾಠ ನೀಡಿ, ಒಂಟಿಯಾಗಿ ಹಾರಲು ಬಿಟ್ಟರು. ಜಾರ್ಜ್ ಕ್ಷೇಮವಾಗಿ ಇಳಿದರು. 1930ರಲ್ಲಿ ಬಿಂಗಮ್ಟನ್‌ನಲ್ಲಿ ತಮ್ಮದೇ ಹಾರಾಟ ಶಾಲೆ ತೆರೆದು, ಯಂತ್ರದ ನೆರವಿನಿಂದ 85 ಡಾಲರಿಗೆ ಹಾರಾಟ ಕಲಿಸುವುದಾಗಿ ಪ್ರಕಟಿಸಿದರು. ಅದು ಪ್ರಚಲಿತ ದರಕ್ಕಿಂತ ಬಹಳ ಕಡಿಮೆಯಾಗಿತ್ತು. ಆದರೆ ಆರ್ಥಿಕ ಕುಸಿತದ ಆ ದಿನಗಳಲ್ಲಿ ಕಡಿಮೆ ದರವನ್ನು ತೆರಬಲ್ಲವರೂ ವಿರಳರಾಗಿದ್ದರು. ಮಾತನಾಡುವ ಚಿತ್ರಗಳು ಬಂದು ಆರ್ಗನ್ ವ್ಯಾಪಾರವೂ ಕುಸಿದಿತ್ತು. 1931ರಲ್ಲಿ ಮೇರಿಯನ್ ಕ್ಲೇಟನ್ ಎಂಬ ಪತ್ರಿಕಾ ವರದಿಗಾರ್ತಿಯೊಂದಿಗೆ ಲಿಂಕ್ ಅವರ ವಿವಾಹವಾಯಿತು. ಮುಂದೆ ಕಂಪನಿಯ ಆಡಳಿತದಲ್ಲಿ ಆಕೆ ಹೆಗಲು ಕೊಟ್ಟರು.

ಈ ಕಷ್ಟಕಾಲದಲ್ಲಿ ಲಿಂಕ್ ಅವರು ವಿಮಾನದ ರೆಕ್ಕೆಯ ಕೆಳಗೆ ದೀಪಗಳ ಫಲಕ ಅಳವಡಿಸಿ, ಪಿಯಾನೋ ಸುರುಳಿಯ ತತ್ವದಿಂದಲೇ ಅಕ್ಷರಗಳನ್ನು ಬೆಳಗಿಸಿ, ರಾತ್ರಿ ಆಕಾಶದಲ್ಲಿ ಜಾಹೀರಾತು ತೋರಿಸುವ ಕೆಲಸ ಹಿಡಿದರು. ಇದು ಹೊಟ್ಟೆಪಾಡಿನ ಕೆಲಸ. ಆದರೆ ರಾತ್ರಿಯಲ್ಲಿ, ಮೋಡದಲ್ಲಿ ಪದೇ ಪದೇ ಹಾರಬೇಕಾದ್ದರಿಂದ ಕೇವಲ ಉಪಕರಣಗಳನ್ನು ನೋಡಿ ವಿಮಾನ ನಡೆಸುವುದರಲ್ಲಿ ಅವರು ಪರಿಣತರಾದರು. ತಮ್ಮ ಯಂತ್ರದ ನಿಜವಾದ ಉಪಯೋಗ ಎಲ್ಲಿದೆ ಎಂಬುದು ಅವರಿಗೆ ಹೊಳೆದದ್ದು ಇಲ್ಲಿ.

ಮೋಡದೊಳಗಿನ ಮೋಸ

ದಿಗಂತ ಕಾಣದ ಮೋಡದಲ್ಲಿ ಮನುಷ್ಯನ ದೇಹ ಮೋಸ ಹೋಗುತ್ತದೆ. ಸಮತೋಲನವನ್ನು ತಿಳಿಸುವ ಅಂಗ ಒಳಕಿವಿಯಲ್ಲಿದೆ. ವಿಮಾನ ನಿಧಾನವಾಗಿ ಒಂದು ಬದಿಗೆ ವಾಲಿ ತಿರುಗುತ್ತಲೇ ಇದ್ದರೆ, ಕೆಲಹೊತ್ತಿನ ಬಳಿಕ ಒಳಕಿವಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಚಾಲಕನಿಗೆ ತಾನು ನೇರವಾಗಿ ಹಾರುತ್ತಿದ್ದೇನೆ ಎನ್ನಿಸುತ್ತದೆ. ವಾಲಿದ್ದನ್ನು ಸರಿಪಡಿಸಿದ ಕೂಡಲೇ ಎದುರು ಬದಿಗೆ ವಾಲಿದಂತೆ ಭಾಸವಾಗಿ, ಆತ ಮತ್ತೆ ಹಳೆಯ ತಿರುವಿಗೇ ಮರಳುತ್ತಾನೆ. ವೇಗ ಏರುತ್ತದೆ, ಎತ್ತರ ಇಳಿಯುತ್ತದೆ, ನೆಲ ಬರುತ್ತದೆ. ಇದರಿಂದ ಪಾರಾಗಲು ಇರುವ ಮಾರ್ಗ ಒಂದೇ: ದೇಹ ಹೇಳುವುದನ್ನು ತಳ್ಳಿಹಾಕಿ, ಮುಂದಿರುವ ಮುಳ್ಳುಗಳು ತೋರಿಸುವುದನ್ನು ನಂಬುವುದು. ಈ ನಂಬಿಕೆ ಓದಿನಿಂದ ಬರುವುದಿಲ್ಲ, ರೂಢಿಯಿಂದ ಬರಬೇಕು. ರೂಢಿ ಮಾಡಿಕೊಳ್ಳುವಾಗ ಆಗುವ ತಪ್ಪು ಪ್ರಾಣಾಂತಿಕವಾಗಬಾರದು. ಸಿಮ್ಯುಲೇಟರಿನ ಸಮರ್ಥನೆಗೆ ಇದಕ್ಕಿಂತ ಬಲವಾದ ಕಾರಣ ಇಂದಿಗೂ ಇಲ್ಲ.

1934ರ ಫೆಬ್ರವರಿ 9ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರು ಅಂಚೆ ಸಾಗಣೆಗಾಗಿ ಖಾಸಗಿ ವಿಮಾನ ಸಂಸ್ಥೆಗಳೊಂದಿಗೆ ಇದ್ದ ಗುತ್ತಿಗೆಗಳನ್ನು ಅವ್ಯವಹಾರದ ಆರೋಪದ ಮೇಲೆ ರದ್ದುಪಡಿಸಿ, ಆ ಕೆಲಸವನ್ನು ಭೂಸೇನೆಯ ವಿಮಾನ ದಳಕ್ಕೆ ಒಪ್ಪಿಸಿದರು. ದಳದ ಚಾಲಕರು ಧೈರ್ಯಶಾಲಿಗಳಾಗಿದ್ದರೂ ಹಗಲಿನಲ್ಲಿ, ತಿಳಿಯಾದ ಹವೆಯಲ್ಲಿ ಹಾರಿ ರೂಢಿಯಾದವರು. ಉಪಕರಣಗಳನ್ನು ನೋಡಿ ಹಾರಿದ ಅನುಭವ ಹಲವರಿಗೆ ಕೆಲವೇ ಗಂಟೆಗಳಷ್ಟಿತ್ತು. ಕಾಲವೋ ಕಡು ಚಳಿಗಾಲ. ಅಂಚೆ ಸಾಗಬೇಕಾದದ್ದು ರಾತ್ರಿ. ವಿಮಾನಗಳು ಹಿಮಪಾತದಲ್ಲಿ, ಮಂಜಿನಲ್ಲಿ ಒಂದರ ಹಿಂದೊಂದು ಬಿದ್ದವು. ಜೂನ್ ಆರಂಭದ ವೇಳೆಗೆ ಸೇನೆಯ ಅಂಚೆ ಸೇವೆ ಮುಗಿಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಕಳೆದುಕೊಂಡಿದ್ದರು.

ಸೇನಾಧಿಕಾರಿಗಳ ತಂಡವೊಂದು ಲಿಂಕ್ ಅವರ ಯಂತ್ರದ ವಿಷಯವನ್ನು ಕೇಳಲು ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಕಾದಿದ್ದ ಪ್ರಸಂಗ ವೈಮಾನಿಕ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅಂದು ದಟ್ಟ ಮಂಜು ಕವಿದಿತ್ತು. ಇಂತಹ ಹವೆಯಲ್ಲಿ ಯಾರೂ ಬರಲಾರರೆಂದು ಅಧಿಕಾರಿಗಳು ಹೊರಡಲು ಸಿದ್ಧರಾಗಿದ್ದರು. ಆಗ ಬಿಂಗಮ್ಟನ್‌ನಿಂದ ಹೊರಟಿದ್ದ ಲಿಂಕ್ ಅವರ ವಿಮಾನ ಮಂಜನ್ನು ಸೀಳಿಕೊಂಡು ಕೆಳಗಿಳಿಯಿತು. ಮುಂದಿನ ವಿವರಣೆಗೆ ಹೆಚ್ಚು ಮಾತು ಬೇಕಾಗಲಿಲ್ಲ. ಜೂನ್ ತಿಂಗಳಲ್ಲಿ ಸೇನೆ ತಲಾ 3,500 ಡಾಲರ್ ದರದಲ್ಲಿ ಆರು ಯಂತ್ರಗಳನ್ನು ಕೊಂಡಿತು. ಐದು ವರ್ಷಗಳ ಕಾಲ ಆಟಿಕೆಯೆನ್ನಿಸಿಕೊಂಡ ಸಾಧನಕ್ಕೆ ಮಾನ್ಯತೆ ದೊರೆತದ್ದು ಅಷ್ಟು ಜನರ ಮರಣದ ಬಳಿಕ ಎಂಬುದು ಖೇದಕರ ಸಂಗತಿ.

ಯುದ್ಧಕಾಲ

ಯಂತ್ರವೂ ಬೆಳೆಯಿತು. ವಿದ್ಯಾರ್ಥಿಯ ತಲೆಯ ಮೇಲೆ ಮುಚ್ಚಳ ಬಂದು ಹೊರಗಿನದೇನೂ ಕಾಣದಂತಾಯಿತು. ಒಳಗೆ ವೇಗ, ಎತ್ತರ, ದಿಕ್ಕು ಮತ್ತು ತಿರುವನ್ನು ತೋರಿಸುವ ಉಪಕರಣಗಳು. ಕಿವಿಯಲ್ಲಿ ರೇಡಿಯೋ ಮಾರ್ಗದ ಸಂಕೇತ. ಮಾರ್ಗದ ಒಂದು ಬದಿಗೆ ಸರಿದರೆ ಒಂದು ಬಗೆಯ ಸಂಕೇತ, ಇನ್ನೊಂದು ಬದಿಗೆ ಸರಿದರೆ ಬೇರೊಂದು. ನಡುವೆ ಇದ್ದರೆ ಎರಡೂ ಬೆರೆತು ಏಕನಾದ ಕೇಳಿಸುತ್ತಿತ್ತು. ಹೊರಗೆ ಶಿಕ್ಷಕರ ಮೇಜು. ಅದರ ಮೇಲೆ ಹರಡಿದ ನಕ್ಷೆಯ ಮೇಲೆ ಮೂರು ಗಾಲಿಗಳ ಪುಟ್ಟ ಸಾಧನವೊಂದು ತೆವಳುತ್ತಾ, ವಿದ್ಯಾರ್ಥಿ ಸಾಗಿದ ದಾರಿಯನ್ನು ಶಾಯಿಯಲ್ಲಿ ಬರೆಯುತ್ತಿತ್ತು. ತೆವಳುವ ರೀತಿಯಿಂದಾಗಿ ಅದಕ್ಕೆ ಏಡಿ ಎಂಬ ಹೆಸರು ಬಿದ್ದಿತು. ವಿದ್ಯಾರ್ಥಿ ತಾನು ಸರಿಯಾಗಿಯೇ ಹಾರಿದೆನೆಂದು ವಾದಿಸುವಂತಿರಲಿಲ್ಲ. ದಾರಿ ತಪ್ಪಿದ್ದು ನಕ್ಷೆಯ ಮೇಲೆ ಗೆರೆಯಾಗಿ ಉಳಿದಿರುತ್ತಿತ್ತು. ಆಟಿಕೆಯನ್ನು ತರಬೇತಿ ಸಾಧನವನ್ನಾಗಿ ಮಾಡಿದ್ದು ತಿದಿಗಿಂತಲೂ ಈ ದಾಖಲೆ ಎಂದರೆ ತಪ್ಪಾಗಲಾರದು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ 10,000ಕ್ಕೂ ಹೆಚ್ಚು ಲಿಂಕ್ ತರಬೇತಿ ಯಂತ್ರಗಳು ತಯಾರಾದವು. 5 ಲಕ್ಷಕ್ಕೂ ಹೆಚ್ಚು ವಾಯುಯೋಧರು ಅವುಗಳಲ್ಲಿ ಅಭ್ಯಾಸ ಮಾಡಿದರು. ನೀಲಿ ಬಣ್ಣದ ಒಡಲಿನಿಂದಾಗಿ ಅದಕ್ಕೆ ನೀಲಿ ಪೆಟ್ಟಿಗೆ ಎಂಬ ಅಡ್ಡಹೆಸರು ಬಂದಿತು. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ವಾಯುಪಡೆಗಳಂತೆ ಭಾರತದಲ್ಲಿನ ವಾಯುಪಡೆ ತರಬೇತಿಯಲ್ಲಿಯೂ ಅದು ಬಳಕೆಯಲ್ಲಿತ್ತು. ಯುದ್ಧಕ್ಕೆ ಮುನ್ನವೇ ಜಪಾನ್ ಸಹ ಯಂತ್ರಗಳನ್ನು ಕೊಂಡಿತ್ತಾದ್ದರಿಂದ, ಎದುರಾಳಿಗಳಿಬ್ಬರೂ ಒಂದೇ ಗುರುವಿನ ಶಿಷ್ಯರಾಗಿದ್ದರು. ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆಯನ್ನು ಕಲಿಸಲು, ನೌಕಾಯಾನ ತಜ್ಞ ಪಿ. ವಿ. ಎಚ್. ವೀಮ್ಸ್ ಅವರೊಡಗೂಡಿ ಲಿಂಕ್ ಅವರು ಎತ್ತರದ ಗೋಪುರದಂತಹ ಕಟ್ಟಡದೊಳಗೆ ಕೃತಕ ನಕ್ಷತ್ರಮಂಡಲವನ್ನೇ ನಿರ್ಮಿಸಿದರು. ಅಟ್ಲಾಂಟಿಕ್ ಸಾಗರವನ್ನು ರಾತ್ರಿಯಲ್ಲಿ ದಾಟಬೇಕಾದ ತಂಡಗಳಿಗೆ ಅದು ಉಪಯುಕ್ತವಾಯಿತು.

ಯುದ್ಧಕಾಲದ ಲಾಗ್ ಪುಸ್ತಕಗಳಲ್ಲಿ ಲಿಂಕ್ ಯಂತ್ರದ ಗಂಟೆಗಳನ್ನು ಹಾರಾಟದ ಗಂಟೆಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಬರೆಯಲಾಗುತ್ತಿತ್ತು. ಈ ಪದ್ಧತಿಯನ್ನು ನೆನಪಿಡುವುದು ಅಗತ್ಯ.

ಸಮುದ್ರದ ಕಡೆಗೆ

1953ರಲ್ಲಿ ಲಿಂಕ್ ದಂಪತಿಗಳು ಸಂಶೋಧನೆಗೆ ನೆರವಾಗುವ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 1954ರಲ್ಲಿ ಕಂಪನಿ ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನವಾಯಿತು. ಲಿಂಕ್ ಅವರ ಆಸಕ್ತಿ ಕ್ರಮೇಣ ಸಾಗರದಾಳದತ್ತ ತಿರುಗಿತು. ಸೀ ಡೈವರ್ ಎಂಬ ಹಡಗಿನಲ್ಲಿ ಸಂಚರಿಸಿ, 1959ರಲ್ಲಿ ಜಮೈಕಾ ದ್ವೀಪದ ಬಳಿ ಭೂಕಂಪದಿಂದ ಮುಳುಗಿದ್ದ ಪೋರ್ಟ್ ರಾಯಲ್ ಪಟ್ಟಣದ ಅವಶೇಷಗಳ ಶೋಧನೆ ನಡೆಸಿದರು. 1962ರಲ್ಲಿ ಅವರು ರೂಪಿಸಿದ ಲೋಹದ ಕೋಶದಲ್ಲಿ ರಾಬರ್ಟ್ ಸ್ಟೆನುಯಿ ಎಂಬ ಮುಳುಗುಗಾರರು ಮೆಡಿಟರೇನಿಯನ್ ಸಮುದ್ರದಲ್ಲಿ 200 ಅಡಿ ಆಳದಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಉಳಿದರು. ಮುಂದೆ ಸೀವರ್ಡ್ ಜಾನ್ಸನ್ ಅವರ ನೆರವಿನೊಂದಿಗೆ ಜಾನ್ಸನ್ ಸೀ ಲಿಂಕ್ ಎಂಬ ಪುಟ್ಟ ಜಲಾಂತರ್ಗಾಮಿ ಸಿದ್ಧವಾಯಿತು. ಮುಂಭಾಗದಲ್ಲಿ ಪಾರದರ್ಶಕ ಗೋಳ, ಹಿಂಭಾಗದಲ್ಲಿ ಮುಳುಗುಗಾರರ ಲೋಹದ ಕೋಣೆ.

1973ರ ಜೂನ್ 17ರಂದು ಫ್ಲಾರಿಡಾ ರಾಜ್ಯದ ಕೀ ವೆಸ್ಟ್ ಬಳಿ, ಮುಳುಗಿಸಲಾಗಿದ್ದ ಹಳೆಯ ಯುದ್ಧನೌಕೆಯೊಂದನ್ನು ಪರಿಶೀಲಿಸುತ್ತಿದ್ದಾಗ ಈ ಜಲಾಂತರ್ಗಾಮಿ ನೌಕೆಯ ಅವಶೇಷಗಳಲ್ಲಿ ಸಿಲುಕಿಕೊಂಡಿತು. ಒಳಗೆ ನಾಲ್ವರಿದ್ದರು. ಹಿಂಭಾಗದ ಕೋಣೆಯಲ್ಲಿದ್ದವರಲ್ಲಿ ಒಬ್ಬರು ಲಿಂಕ್ ಅವರ ಪುತ್ರ, ಮೂವತ್ತೊಂದರ ಹರೆಯದ ಎಡ್ವಿನ್ ಕ್ಲೇಟನ್ ಲಿಂಕ್. ಉಸಿರಿನಿಂದ ಹೊರಬರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳಬೇಕಾದ ರಾಸಾಯನಿಕ ಚಳಿಯಿಂದಾಗಿ ತನ್ನ ಶಕ್ತಿ ಕಳೆದುಕೊಂಡಿತು. ಲೋಹದ ಕೋಣೆ ಸುತ್ತಲಿನ ನೀರಿನಷ್ಟೇ ತಣ್ಣಗಾಗಿತ್ತು. ಮುಂಭಾಗದ ಗೋಳ ಅಷ್ಟು ಬೇಗ ತಣ್ಣಗಾಗಲಿಲ್ಲ. ಮೇಲಿನಿಂದ ಮುಳುಗುಗಾರರು ಮತ್ತೆ ಮತ್ತೆ ಯತ್ನಿಸಿದರೂ ತಲುಪಲಾಗಲಿಲ್ಲ. ಒಂದು ದಿನಕ್ಕೂ ಹೆಚ್ಚು ಕಾಲದ ಬಳಿಕ ಜಲಾಂತರ್ಗಾಮಿಯನ್ನು ಬಿಡಿಸಿ ಮೇಲಕ್ಕೆ ತಂದಾಗ ಮುಂಭಾಗದ ಇಬ್ಬರು ಬದುಕಿದ್ದರು. ಕ್ಲೇಟನ್ ಲಿಂಕ್ ಮತ್ತು ಅವರ ಜೊತೆಗಿದ್ದ ಆಲ್ಬರ್ಟ್ ಸ್ಟೋವರ್ ಮೃತರಾಗಿದ್ದರು.

ಲಕ್ಷಾಂತರ ಜನರ ಮಕ್ಕಳು ತಪ್ಪು ಮಾಡಿಯೂ ಬದುಕುವಂತಹ ಯಂತ್ರವನ್ನು ನೀಡಿದವರಿಗೆ ಸ್ವಂತ ಮಗನನ್ನು ಉಳಿಸಿಕೊಳ್ಳುವ ಯಂತ್ರ ಅಂದು ಇರಲಿಲ್ಲ. ಎಪ್ಪತ್ತರ ಸಮೀಪದಲ್ಲಿದ್ದ ಲಿಂಕ್ ಅವರು ಕೆಲಸ ನಿಲ್ಲಿಸಲಿಲ್ಲ. ಆಳದಲ್ಲಿ ಸಿಲುಕಿದ ಜಲಾಂತರ್ಗಾಮಿಗಳನ್ನು ಮೇಲಿನ ಹಡಗಿನಿಂದಲೇ ನೋಡಿ, ಅಡ್ಡಿಗಳನ್ನು ಕತ್ತರಿಸಿ ಬಿಡಿಸಬಲ್ಲ, ಮನುಷ್ಯರಿಲ್ಲದ, ಹಗ್ಗದಂತಹ ತಂತಿಗೆ ಕಟ್ಟಿದ ರಕ್ಷಣಾ ಸಾಧನವೊಂದನ್ನು ಮುಂದಿನ ವರ್ಷಗಳಲ್ಲಿ ವಿನ್ಯಾಸಗೊಳಿಸಿ ಪೂರ್ಣಗೊಳಿಸಿದರು. 1981ರ ಸೆಪ್ಟೆಂಬರ್ 7ರಂದು ಬಿಂಗಮ್ಟನ್‌ನಲ್ಲಿ ಅವರು ನಿಧನರಾದರು.

ಲಿಂಕ್ ಅವರ ನಂತರ: ಯಂತ್ರ ಮತ್ತು ನಿಯಮ

ತಿದಿಗಳ ಸ್ಥಾನವನ್ನು ದ್ರವಚಾಲಿತ ಕಾಲುಗಳೂ, ಕವಾಟಗಳ ಸ್ಥಾನವನ್ನು ಗಣಕಯಂತ್ರಗಳೂ ಆಕ್ರಮಿಸಿವೆ. ಪೂರ್ಣ ಪ್ರಮಾಣದ ಸಿಮ್ಯುಲೇಟರುಗಳನ್ನು ಅವುಗಳ ನೈಜತೆಯ ಆಧಾರದ ಮೇಲೆ ಎ ಇಂದ ಡಿ ವರೆಗಿನ ದರ್ಜೆಗಳಲ್ಲಿ ವಿಂಗಡಿಸುವ ಪದ್ಧತಿ ರೂಢಿಗೆ ಬಂದಿದೆ. ಡಿ ಅತ್ಯುನ್ನತ ದರ್ಜೆ. ಲಿಂಕ್ ಅವರು ಬದುಕಿದ್ದಾಗಲೇ, 1980ರಲ್ಲಿ, ಅಮೆರಿಕದ ವಿಮಾನಯಾನ ಆಡಳಿತವು ಉನ್ನತ ದರ್ಜೆಯ ಸಿಮ್ಯುಲೇಟರುಗಳ ಬಳಕೆಯನ್ನು ಹಂತ ಹಂತವಾಗಿ ವಿಸ್ತರಿಸುವ ಯೋಜನೆಯನ್ನು ಪ್ರಕಟಿಸಿತು. ಅನುಭವಿ ಚಾಲಕರೊಬ್ಬರು ಒಂದು ಬಗೆಯ ವಿಮಾನದಿಂದ ಮತ್ತೊಂದಕ್ಕೆ ಬದಲಾಗುವಾಗ ತರಬೇತಿಯ ಬಹುಭಾಗವನ್ನು, ಕೆಲವೊಮ್ಮೆ ಪೂರ್ತಿಯಾಗಿ, ನೆಲದ ಮೇಲೆಯೇ ಮುಗಿಸಲು ಇದರಿಂದ ದಾರಿಯಾಯಿತು.

ನೈಜ ವಿಮಾನದಲ್ಲೇ ಅಪಾಯದ ಅಭ್ಯಾಸ ಮಾಡುವುದರ ಬೆಲೆ ಎಷ್ಟೆಂಬುದಕ್ಕೆ ಭಾರತದಲ್ಲಿಯೇ ನಿದರ್ಶನವಿದೆ. 1994ರ ಮಾರ್ಚ್ 8ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಸಹಾರಾ ಸಂಸ್ಥೆಯ ಬೋಯಿಂಗ್ 737 ವಿಮಾನದಲ್ಲಿ, ಒಂದು ಎಂಜಿನ್ ನಿಂತಾಗ ಮಾಡಬೇಕಾದ ಕ್ರಮಗಳ ಅಭ್ಯಾಸ ನಡೆಯುತ್ತಿತ್ತು. ಅಭ್ಯಾಸನಿರತ ಚಾಲಕರು ಪಾದಪಟ್ಟಿಯನ್ನು ತಪ್ಪು ಬದಿಗೆ ಒತ್ತಿದ್ದರಿಂದ ವಿಮಾನ ನೆಲಕ್ಕಪ್ಪಳಿಸಿ, ನಿಂತಿದ್ದ ರಷ್ಯಾದ ವಿಮಾನಕ್ಕೆ ತಗುಲಿತು. ಶಿಕ್ಷಕರೂ ಮೂವರು ವಿದ್ಯಾರ್ಥಿಗಳೂ ಸೇರಿ ವಿಮಾನದಲ್ಲಿದ್ದ ನಾಲ್ವರೂ, ನೆಲದ ಮೇಲಿದ್ದ ಕೆಲವರೂ ಮೃತಪಟ್ಟರು. ಸಿಮ್ಯುಲೇಟರಿನಲ್ಲಿ ಇದೇ ತಪ್ಪಿಗೆ ಯಂತ್ರ ನಿಲ್ಲುತ್ತದೆ, ಪಾಠ ಮತ್ತೆ ಆರಂಭವಾಗುತ್ತದೆ.

ಆದರೆ ಹೊಸದಾಗಿ ಪರವಾನಗಿ ಪಡೆಯುವವರ ವಿಷಯ ಬೇರೆ. ಆಕಾಶದ ಅನುಭವಕ್ಕೆ ಯಂತ್ರವನ್ನು ಪೂರ್ತಿ ಬದಲಿಯಾಗಿ ಒಪ್ಪಲಾಗಿಲ್ಲ. ಭಾರತದಲ್ಲಿ 1937ರ ವಿಮಾನ ನಿಯಮಾವಳಿಯ ಎರಡನೆಯ ಅನುಸೂಚಿಯು ವಾಣಿಜ್ಯ ಚಾಲಕ ಪರವಾನಗಿಗೆ 200 ಗಂಟೆಗಳ ಹಾರಾಟ ಅನುಭವವನ್ನು ವಿಧಿಸಿದೆ. ಅದರೊಂದಿಗೆ ಕೇಳಲಾಗುವ 10 ಗಂಟೆಗಳ ಉಪಕರಣಾಧಾರಿತ ಹಾರಾಟದಲ್ಲಿ ಅನುಮೋದಿತ ಸಿಮ್ಯುಲೇಟರಿನ ಪಾಲು 5 ಗಂಟೆಗಳನ್ನು ಮೀರುವಂತಿಲ್ಲ. ಉಪಕರಣ ಅರ್ಹತೆಗೆ ಬೇಕಾದ 40 ಗಂಟೆಗಳಲ್ಲಿ ಸಿಮ್ಯುಲೇಟರಿನ ಮಿತಿ 20 ಗಂಟೆ. ಅಂದರೆ ಅರ್ಧ ಆಕಾಶದಲ್ಲಿ, ಹೆಚ್ಚೆಂದರೆ ಅರ್ಧ ನೆಲದ ಮೇಲೆ. ಈ ಮಿತಿಗಳನ್ನು ಮೀರಿ ಕಳೆದ ಗಂಟೆಗಳಿಂದ ಕೈ ಪಳಗಬಹುದು, ಆದರೆ ಪರವಾನಗಿಯ ಲೆಕ್ಕಕ್ಕೆ ಅವು ಸೇರುವುದಿಲ್ಲ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. 1934ರ ವಿಮಾನ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಎಂಬುದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದುದರಿಂದ ಶುಲ್ಕ ಪಾವತಿಸುವ ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಇತ್ತೀಚಿನ ಆದೇಶವನ್ನು ನೋಡಿಕೊಳ್ಳುವುದು ಅರ್ಜಿದಾರರ ಹಿತಕ್ಕೆ ಒಳ್ಳೆಯದು.

ಅನುಮೋದಿತ ಎಂಬ ಪದವೂ ಗಮನಾರ್ಹ. ಮನೆಯ ಗಣಕಯಂತ್ರದಲ್ಲಿ ಆಡುವ ವಿಮಾನದ ಆಟವಾಗಲಿ, ಮಹಾನಿರ್ದೇಶನಾಲಯದ ಅನುಮೋದನೆ ಇಲ್ಲದ ಸಂಸ್ಥೆಯ ಯಂತ್ರವಾಗಲಿ, ನೋಡಲು ಎಷ್ಟೇ ನೈಜವಾಗಿದ್ದರೂ, ಲೆಕ್ಕಕ್ಕೆ ಬರುವುದಿಲ್ಲ. ಅನುಮೋದನೆಯು ಒಂದು ನಿರ್ದಿಷ್ಟ ಯಂತ್ರಕ್ಕೆ, ಒಂದು ನಿರ್ದಿಷ್ಟ ಅವಧಿಗೆ ನೀಡಲ್ಪಡುತ್ತದೆಯೇ ಹೊರತು ಸಂಸ್ಥೆಯ ಹೆಸರಿಗಲ್ಲ. ಊರಿನಲ್ಲಿ ಹೊಲ ಅಡವಿಟ್ಟು ಶುಲ್ಕ ತೆರುವ ಕುಟುಂಬವು ಯಂತ್ರದ ಅನುಮೋದನಾ ಪತ್ರವನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ.

2011ರಲ್ಲಿ ನಕಲಿ ಅಂಕಪಟ್ಟಿಗಳ ಮೇಲೆ ಪರವಾನಗಿ ಪಡೆದ ಪ್ರಕರಣಗಳೂ, ಹಾರದ ಗಂಟೆಗಳನ್ನು ಹಾರಿದಂತೆ ದಾಖಲಿಸಿದ ಪ್ರಕರಣಗಳೂ ದೇಶದಲ್ಲಿ ಬೆಳಕಿಗೆ ಬಂದು ಬಂಧನಗಳು ನಡೆದವು. ಸಿಮ್ಯುಲೇಟರಿನ ಅವಧಿಯನ್ನು ಲಾಗ್ ಪುಸ್ತಕದಲ್ಲಿ ಅದಕ್ಕೆಂದೇ ಇರುವ ಅಂಕಣದಲ್ಲಿ, ಹಾರಾಟದ ಅವಧಿಯೊಂದಿಗೆ ಬೆರೆಸದೆ, ದಿನಾಂಕ ಮತ್ತು ಯಂತ್ರದ ವಿವರದೊಂದಿಗೆ ನಮೂದಿಸಿ, ಶಿಕ್ಷಕರ ಸಹಿಯನ್ನು ಆಯಾ ದಿನವೇ ಪಡೆಯತಕ್ಕದ್ದು.